ಗ್ರಹಣಕ್ಕೆ ಮೊದಲೇ

ಅವ್ವನ ಬಲಗಣ್ಣಿನ ಪೊರೆ ತೆಗೆಯಲು ಹದಿನೆಂಟು ನಿಮಿಷ ಹಿಡಿಯಿತು. ಹೊರಗೆ ಕುಳಿತು ಗಡಿಯಾರ ನೋಡುತ್ತಿದ್ದೆ, ಹಾಗಾಗಿ ಗೊತ್ತು. ಒಳಗೆ ಹೋಗುವಾಗ ನನ್ನನ್ನೂ ಆಸ್ಪತ್ರೆಯನ್ನೂ ಒಟ್ಟಿಗೆ ಬೈಯುತ್ತ ಹೋದವಳು, ಹೊರಗೆ ಬರುವಾಗ ಕಣ್ಣಿನ ಮೇಲೆ ತೂತುತೂತಿನ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿಕೊಂಡು, ಚಹಾ ಎಲ್ಲಿ ಸಿಗುತ್ತದೆ ಎಂದು ಕೇಳುತ್ತ ಬಂದಳು.

"ಮಸೂರ ಗಟ್ಟಿಯಾಗಿತ್ತು. ನಡುವಿನ ತಿರುಳು ಕಂದುಬಣ್ಣಕ್ಕೆ ತಿರುಗಿತ್ತು, ಒಡೆಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು" ಎಂದರು ಡಾಕ್ಟರು. ತೆಗೆದ ಮಸೂರ ಈಗ ಎಲ್ಲಿದೆ ಎಂದು ಕೇಳಿದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಎಲ್ಲಿರುತ್ತದೆ? ಶಬ್ದದ ಅಲೆಯಿಂದ ಪುಡಿ ಮಾಡಿ ನೀರಿನ ಜೊತೆ ಹೀರಿಬಿಡುತ್ತೇವೆ. ಚೀಲಕ್ಕೆ ಹೋಗುತ್ತದೆ, ಚೀಲ ಕಸಕ್ಕೆ ಹೋಗುತ್ತದೆ" ಎಂದು ಮುಂದಿನ ರೋಗಿಯ ಕಾಗದ ಎತ್ತಿಕೊಂಡರು.

ಕೇಳಿದ್ದಕ್ಕೆ ಕಾರಣವಿತ್ತು. ಕಣ್ಣಿನ ಮಸೂರ ಉಳ್ಳಾಗಡ್ಡಿಯ ಹಾಗೆ ಪದರದ ಮೇಲೆ ಪದರ ಬೆಳೆಯುತ್ತದೆ. ಹೊಸದು ಹೊರಗಿನಿಂದ ಬಂದು ಕೂಡುತ್ತದೆ, ಹಳೆಯದು ಒಳಗೊಳಗೆ ಸರಿಯುತ್ತದೆ, ಯಾವುದೂ ಉದುರುವುದಿಲ್ಲ. ಚರ್ಮ ಉದುರುತ್ತದೆ, ರಕ್ತದ ಕೆಂಪುಕಣ ನಾಲ್ಕು ತಿಂಗಳಿಗೆ ಸಾಯುತ್ತದೆ; ಮಸೂರದ ನಟ್ಟನಡುವಿನ ಜೀವಕೋಶಗಳು ಮಾತ್ರ ಗರ್ಭದ ಎರಡನೆಯ ತಿಂಗಳಲ್ಲಿ ಎಲ್ಲಿ ಕುಳಿತವೋ ಸಾಯುವತನಕ ಅಲ್ಲೇ ಕುಳಿತಿರುತ್ತವೆ. ಅವ್ವ ಹುಟ್ಟಿದ್ದು 1952ರಲ್ಲಿ. ಆ ಪುಡಿಯಾದ ತಿರುಳು ಅವ್ವನ ಹುಟ್ಟಿಗಿಂತಲೂ ಏಳು ತಿಂಗಳು ಹಳೆಯದು. ಅದರಲ್ಲಿದ್ದ ಇಂಗಾಲ, ಅವಳನ್ನು ಹೊತ್ತಿದ್ದಾಗ ನನ್ನ ಅಜ್ಜಿ ತಿಂದ ಜೋಳದ ರೊಟ್ಟಿಯದು. ಇದು ಕವಿಸಮಯವಲ್ಲ, ಅಳೆಯಬಹುದಾದ ಸಂಗತಿ. 2016ರಲ್ಲಿ ಗ್ರೀನ್‌ಲ್ಯಾಂಡ್ ಶಾರ್ಕ್ ಎಂಬ ಮೀನಿನ ವಯಸ್ಸನ್ನು ವಿಜ್ಞಾನಿಗಳು ಅಂದಾಜು ಮಾಡಿದ್ದು ಅದರ ಮಸೂರದ ತಿರುಳಿನ ಇಂಗಾಲವನ್ನು ಪರೀಕ್ಷಿಸಿಯೇ. ಎಲ್ಲಕ್ಕಿಂತ ದೊಡ್ಡ ಮೀನಿಗೆ ಸುಮಾರು 392 ವರ್ಷ ಎಂದು ಬಂತು, 120 ವರ್ಷ ಹಿಂದುಮುಂದಾಗಬಹುದು ಎಂಬ ಷರತ್ತಿನೊಂದಿಗೆ. (ಲೆಕ್ಕಪರಿಶೋಧನೆ ನನ್ನ ಹೊಟ್ಟೆಪಾಡು. ನಮ್ಮ ಕಚೇರಿಯಲ್ಲಿ ಇಂಥ ಷರತ್ತಿನ ಲೆಕ್ಕ ಒಪ್ಪಿಸಿದವರನ್ನು ಬಾಗಿಲಲ್ಲೇ ವಾಪಸು ಕಳಿಸುತ್ತಾರೆ.)

ಅಜ್ಜಿಯ ರೊಟ್ಟಿಯ ಕೊನೆಯ ತುಣುಕು ಹೀಗೆ ಒಂದು ಪ್ಲಾಸ್ಟಿಕ್ ಚೀಲ ಸೇರಿತು. ಅವ್ವನಿಗೆ ಹೇಳಿದೆ. "ಕಸ ತೆಗೆದಿದ್ದಾರೆ, ಅದಕ್ಕೆ ಯಾಕೆ ಅಳುತ್ತೀ?" ಎಂದಳು.

ಅಂದಿನಿಂದ ಕಣ್ಣು ಹೇಗೆ ಆಗುತ್ತದೆ ಎಂಬ ವಿಷಯ ನನ್ನನ್ನು ಬಿಟ್ಟಿಲ್ಲ. ಓದುತ್ತ ಹೋದಂತೆ ನಮ್ಮ ಮನೆಯ ಒಂದು ಹಳೆಯ ತಕರಾರು ಮತ್ತೆ ಎದ್ದು ಕುಳಿತಿತು. ಅದಕ್ಕೆ ಬರುವ ಮುಂಚೆ ಸ್ವಲ್ಪ ಪೀಠಿಕೆ ಬೇಕು.

ಕಣ್ಣಿನ ಕೆಲಸ ಶುರುವಾಗುವುದು ಮುಖ ಎಂಬುದೇ ಇಲ್ಲದಿರುವಾಗ. ಗರ್ಭ ಕಟ್ಟಿದ 22ನೆಯ ದಿನದ ಸುಮಾರಿಗೆ, ಮುಂದೆ ಮಿದುಳಾಗಬೇಕಾದ ಹಾಳೆ ಇನ್ನೂ ಪೂರ್ತಿ ಸುರುಳಿ ಸುತ್ತಿಕೊಂಡಿರುವುದಿಲ್ಲ. ಆಗಲೇ ಅದರ ಮುಂತುದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು, ಸಣ್ಣ ತಗ್ಗುಗಳು ಕಾಣಿಸುತ್ತವೆ. ತಗ್ಗು ಉಬ್ಬಿ ಪೊಳ್ಳು ಗುಳ್ಳೆಯಾಗುತ್ತದೆ, ಗುಳ್ಳೆಗೆ ತೊಟ್ಟು ಬರುತ್ತದೆ, ತೊಟ್ಟಿನ ಮೇಲೆ ಅದು ಹೊರಗೆ ಚಾಚಿಕೊಂಡು ಚರ್ಮದ ಒಳಮೈಗೆ ತಾಗುತ್ತದೆ. ನಾಲ್ಕು ವಾರವಾಗಿದೆ, ಇಡೀ ಜೀವ ನಾಲ್ಕು ಮಿಲಿಮೀಟರು, ಒಂದು ಅಕ್ಕಿಕಾಳಿಗಿಂತ ಚಿಕ್ಕದು. ಬಹಳಷ್ಟು ತಾಯಂದಿರಿಗೆ ಆಗಿನ್ನೂ ಬರಿಯ ಅನುಮಾನ.

ತಾಗಿದ ಜಾಗದಲ್ಲಿ ಚರ್ಮ ದಪ್ಪವಾಗುತ್ತದೆ, ಒಳಕ್ಕೆ ಗುಳಿ ಬೀಳುತ್ತದೆ, ಗುಳಿ ಕಳಚಿಕೊಂಡು ಒಂದು ಪುಟ್ಟ ಗೋಲಿಯಾಗುತ್ತದೆ. ಅದೇ ಮಸೂರ. ಅದೇ ಹೊತ್ತಿಗೆ ಮಿದುಳಿನಿಂದ ಬಂದ ಗುಳ್ಳೆಯೂ ಮಡಚಿಕೊಳ್ಳುತ್ತದೆ. ಗಾಳಿ ಇಳಿದ ರಬ್ಬರ್ ಚೆಂಡನ್ನು ಹೆಬ್ಬೆರಳಿನಿಂದ ಒತ್ತಿದರೆ ಒಂದು ಬದಿ ಒಳಗೆ ಹೋಗಿ ಎರಡು ಗೋಡೆಯ ಬಟ್ಟಲಾಗುತ್ತದಲ್ಲ, ಥೇಟ್ ಹಾಗೆ. ಒಳಗೋಡೆ ಬೆಳಕನ್ನು ಹಿಡಿಯುವ ಅಕ್ಷಿಪಟಲ, ಹೊರಗೋಡೆ ಅದರ ಬೆನ್ನಿಗಿರುವ ಕಪ್ಪು ಪದರ. ಈ ಎರಡು ಗೋಡೆಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆಯೇ ಹೊರತು ಜೀವಮಾನದಲ್ಲಿ ಎಂದೂ ಬೆಸೆದುಕೊಳ್ಳುವುದಿಲ್ಲ. ಐವತ್ತು ಅರವತ್ತು ವರ್ಷದ ಮೇಲೆ ಯಾರಿಗಾದರೂ ಅಕ್ಷಿಪಟಲ ಕಳಚಿತು ಎನ್ನುವಾಗ ಅದು ಕಳಚುವುದು ಈ ಹಳೆಯ ಸಂದಿಯಲ್ಲೇ.

ಚರ್ಮ ತನ್ನಷ್ಟಕ್ಕೆ ಮಸೂರ ಮಾಡಿಕೊಳ್ಳುತ್ತದೆಯೋ ಅಥವಾ ಮಿದುಳಿನ ಗುಳ್ಳೆ ಬಂದು ಮಾಡಿಸುತ್ತದೆಯೋ? ಜರ್ಮನಿಯ ಹಾನ್ಸ್ ಸ್ಪೇಮನ್ 1901ರಲ್ಲಿ ಕಪ್ಪೆಯ ಭ್ರೂಣದಲ್ಲಿ ಒಂದು ಬದಿಯ ಕಣ್ಣಿನ ಮೊಳಕೆಯನ್ನು ಕಾಯಿಸಿದ ಸೂಜಿಯಿಂದ ಸುಟ್ಟು ನೋಡಿದ. ಆ ಬದಿಯಲ್ಲಿ ಮಸೂರ ಬರಲೇ ಇಲ್ಲ. ಮಾಡಿಸುವವರು ಇದ್ದರೆ ಮಾತ್ರ ಮಾಡುತ್ತದೆ ಎಂದಾಯಿತು. ಆಮೇಲೆ ಅವನೇ ಬೇರೊಂದು ಜಾತಿಯ ಕಪ್ಪೆಯಲ್ಲಿ ನೋಡಿದರೆ, ಯಾರೂ ಬಂದು ಮುಟ್ಟದಿದ್ದರೂ ಮಸೂರ ಬಂದು ಕುಳಿತಿತ್ತು! ಚರ್ಮ ಅದಕ್ಕೂ ಬಹಳ ಮೊದಲಿನಿಂದಲೇ ಸುತ್ತಮುತ್ತಲಿನವರ ಮಾತು ಕೇಳಿಸಿಕೊಂಡು ಅರ್ಧ ತಯಾರಾಗಿರುತ್ತದೆ ಎಂದು ಈಗ ತಿಳಿದಿದೆ. ನೊಬೆಲ್ ಬಂದದ್ದು 1935ರಲ್ಲಿ, ಬೇರೆ ಪ್ರಯೋಗಗಳಿಗೆ. ನನಗೆ ಅವನು ಇಷ್ಟವಾಗುವುದು ತನ್ನ ಮೊದಲ ಸುಂದರ ಉತ್ತರವನ್ನು ಎರಡನೆಯ ಕಪ್ಪೆಯ ಕೈಯಲ್ಲಿ ತಾನೇ ಕೆಡಿಸಿಕೊಂಡದ್ದಕ್ಕೆ.

ಬಟ್ಟಲು ಎಂದೆ. ಪೂರ್ತಿ ಬಟ್ಟಲಲ್ಲ. ಅದರ ಕೆಳಬದಿಯಲ್ಲಿ, ಮೂಗಿನ ಕಡೆಗೆ ತುಸು ವಾಲಿದಂತೆ, ಅಂಚಿನಿಂದ ತೊಟ್ಟಿನ ತನಕ ಒಂದು ಸೀಳು ಇರುತ್ತದೆ. ಬಟ್ಟಲು ಮಡಚಿಕೊಳ್ಳುವ ರೀತಿಯೇ ಹಾಗೆ. ಆ ಸೀಳಿನ ಮೂಲಕ ರಕ್ತನಾಳ ಒಳಗೆ ಬರುತ್ತದೆ. ಒಳಗೆ ಬಂದಾದ ಮೇಲೆ, ಆರನೆಯ ಏಳನೆಯ ವಾರದಲ್ಲಿ, ಸೀಳಿನ ಎರಡು ತುಟಿಗಳು ನಡುವೆ ಮೊದಲು ಕೂಡಿ, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಮುಚ್ಚಿಕೊಳ್ಳುತ್ತ ಹೋಗುತ್ತವೆ. ಗುರುತೂ ಉಳಿಯುವುದಿಲ್ಲ. ಕೆಲವು ಸಲ ಮುಚ್ಚುವುದಿಲ್ಲ. ಮುಂದಿನ ತುದಿ ತೆರೆದೇ ಉಳಿದರೆ ಐರಿಸ್ಸಿನಲ್ಲಿ, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಉಂಗುರದಲ್ಲಿ, ಒಂದು ಕಚ್ಚು ನಿಲ್ಲುತ್ತದೆ. ದುಂಡಗಿರಬೇಕಾದ ಪಾಪೆ ಕೆಳಕ್ಕೆ ಜಾರಿ ಬೀಗದ ಕಿಂಡಿಯಂತೆ ಕಾಣುತ್ತದೆ. ವೈದ್ಯರು ಅದಕ್ಕೆ ಕೊಲೊಬೋಮಾ ಎನ್ನುತ್ತಾರೆ. ಗ್ರೀಕ್ ಮಾತು, ಊನಗೊಂಡದ್ದು ಎಂದು ಅರ್ಥ.

ನಮ್ಮ ಕಾಕಾನ ಮಗನ ಎಡಗಣ್ಣು ಹಾಗಿದೆ.

1980ರ ಫೆಬ್ರವರಿ 16, ಶನಿವಾರ. ಅಂಕೋಲೆಯ ಕಡೆಯಿಂದ ನೆಲ ಹತ್ತಿದ ಪೂರ್ಣ ಸೂರ್ಯಗ್ರಹಣದ ನೆರಳು ಹುಬ್ಬಳ್ಳಿ ಸೀಮೆಯನ್ನು ದಾಟಿ ರಾಯಚೂರಿನ ಕಡೆ ಓಡಿತು. ನನಗೆ ಆರು ವರ್ಷ. ಹುಬ್ಬಳ್ಳಿಯ ಮಗ್ಗುಲಿನ ನಮ್ಮ ಹಳ್ಳಿಯ ಮನೆಯಲ್ಲಿ ಬೆಳಗಿನಿಂದಲೇ ಕಿಟಕಿಗಳಿಗೆ ಗೋಣಿತಾಟು ಬಿದ್ದಿತ್ತು, ನೀರಿನ ಕೊಡಗಳ ಮೇಲೆ ದರ್ಭೆ ಕುಳಿತಿತ್ತು, ಒಲೆ ಆರಿತ್ತು. ಬಸುರಿಯಾಗಿದ್ದ ಕಾಕುವನ್ನು ಒಳಕೋಣೆಯಲ್ಲಿ ಕೈಕಾಲು ಮಡಚದಂತೆ ನೆಟ್ಟಗೆ ಮಲಗಿಸಿದ್ದರು. ಆಚೆಗೆ ಇಣುಕಿದರೆ ಕಣ್ಣು ಹೋಗುತ್ತದೆ ಎಂದು ಮಕ್ಕಳಿಗೆಲ್ಲ ತಾಕೀತಾಗಿತ್ತು. ನಾನು ಇಣುಕಲಿಲ್ಲ, ನೆಲ ನೋಡಿದೆ. ಹಂಚಿನ ಸಂದಿಗಳಿಂದ ನಡುಮನೆಯ ಸೆಗಣಿ ಸಾರಿಸಿದ ನೆಲದ ಮೇಲೆ ದಿನಾಲೂ ಬೀಳುತ್ತಿದ್ದ ದುಂಡನೆಯ ಬೆಳಕಿನ ಬಿಲ್ಲೆಗಳು ಅಂದು ಒಂದೊಂದಾಗಿ ಅಲ್ಲ, ಎಲ್ಲವೂ ಒಮ್ಮೆಗೇ, ಕುಡುಗೋಲಿನ ಆಕಾರಕ್ಕೆ ತಿರುಗಿದವು. ಹತ್ತಿಪ್ಪತ್ತು ಪುಟ್ಟ ಕುಡುಗೋಲುಗಳು ಸಪೂರವಾಗುತ್ತ ಹೋಗಿ, ಮೂರೂವರೆ ದಾಟಿದ ಮೇಲೆ ಪಟ್ಟನೆ ಆರಿದವು. ಹಿತ್ತಲಲ್ಲಿ ಕೋಳಿಗಳು ಗೂಡಿಗೆ ನುಗ್ಗಿದ ಸದ್ದು. ಎರಡು ನಿಮಿಷಕ್ಕೆ ತುಸು ಹೆಚ್ಚು ಹೊತ್ತು ಯಾರೂ ಮಾತಾಡಲಿಲ್ಲ.

ಮೇ ತಿಂಗಳ ಕೊನೆಯ ವಾರ ತಮ್ಮ ಹುಟ್ಟಿದ. ಎಣ್ಣೆ ಹಚ್ಚಿ ಎರೆಯುವಾಗ ಅವನ ಕಣ್ಣನ್ನು ಮೊದಲು ಗಮನಿಸಿದವಳು ಅಜ್ಜಿ. ಅಂದೇ ಸಂಜೆಯೊಳಗೆ ವಿಚಾರಣೆ ಮುಗಿದು ತೀರ್ಪೂ ಬಂದಿತ್ತು. ಗ್ರಹಣ ಪೂರ್ತಿ ಬಿಡುವ ಮುಂಚೆಯೇ ಕಾಕು ಎದ್ದು ಅಡುಗೆಮನೆಗೆ ಹೋಗಿ ಈಳಿಗೆ ಮಣೆಯ ಮೇಲೆ ಉಳ್ಳಾಗಡ್ಡಿ ಹೆಚ್ಚಿದ್ದಳಂತೆ. ನೋಡಿದವರು ಯಾರು ಎಂದು ಯಾರೂ ಕೇಳಲಿಲ್ಲ. ಆಗ ಇಪ್ಪತ್ತೆರಡು ವರ್ಷದ ಹುಡುಗಿ ಅವಳು. ನಲವತ್ತೈದು ವರ್ಷ ಆ ಮಾತನ್ನು ಎದುರಾಡದೆ ಹೊತ್ತುಕೊಂಡು ಬಂದಿದ್ದಾಳೆ. ಮದುವೆಮನೆಗಳಲ್ಲಿ ಹೊಸ ಬಸುರಿಯರಿಗೆ ಬುದ್ಧಿ ಹೇಳುವವರು ಕಾಕುವಿನ ಎದುರೇ, ಅವಳ ಉದಾಹರಣೆ ಕೊಟ್ಟೇ ಹೇಳುತ್ತಿದ್ದರು. ಅವಳೂ ತಲೆಯಾಡಿಸುತ್ತಿದ್ದಳು.

ನನಗೆ ತಾರೀಕು ಹೊಂದದಿದ್ದರೆ ಕೈ ತುರಿಸುತ್ತದೆ. ಲೆಕ್ಕ ಹಾಕಿದೆ. ಮೇ ಕೊನೆಯಲ್ಲಿ, ದಿನ ತುಂಬಿ ಹುಟ್ಟಿದ ಕೂಸು. ಅಲ್ಲಿಂದ 38 ವಾರ ಹಿಂದಕ್ಕೆ ಹೋದರೆ 1979ರ ಸೆಪ್ಟೆಂಬರ್ ಮೊದಲ ವಾರ. (ಡಾಕ್ಟರುಗಳು 40 ವಾರ ಎನ್ನುವುದು ಕೊನೆಯ ಮುಟ್ಟಿನಿಂದ ಎಣಿಸುವುದರಿಂದ, ಗರ್ಭ ಕಟ್ಟುವುದು ಅದಾದ ಎರಡು ವಾರಕ್ಕೆ.) ಸೆಪ್ಟೆಂಬರ್ ಮೊದಲ ವಾರಕ್ಕೆ ಆರೇಳು ವಾರ ಕೂಡಿಸಿದರೆ ಅಕ್ಟೋಬರಿನ ಉತ್ತರಾರ್ಧ. ಆ ವರ್ಷ ದೀಪಾವಳಿ ಬಂದದ್ದು ಅಕ್ಟೋಬರ್ 20ರ ಆಸುಪಾಸಿನಲ್ಲಿ. ದೀಪಾವಳಿಯ ದಿನವೂ ಅಮಾವಾಸ್ಯೆ, ಗ್ರಹಣದ ದಿನವೂ ಅಮಾವಾಸ್ಯೆ, ಎರಡರ ನಡುವೆ ಸರಿಯಾಗಿ ನಾಲ್ಕು ಚಾಂದ್ರಮಾಸ. ತಮ್ಮನ ಕಣ್ಣಿನ ಸೀಳು ಮುಚ್ಚಬೇಕಾಗಿದ್ದದ್ದು, ಮುಚ್ಚದೆ ಉಳಿದದ್ದು, ನರಕಚತುರ್ದಶಿಯ ಎಣ್ಣೆಸ್ನಾನದ ಹೊತ್ತಿನಲ್ಲಿ. ಸೂರ್ಯನಿಗೆ ಗ್ರಹಣ ಹಿಡಿದಾಗ ಅವನು ಗರ್ಭದಲ್ಲಿ ಐದೂವರೆ ತಿಂಗಳ ಕೂಸು. ಕಣ್ಣಿನ ಆಕಾರ ಎಂದೋ ತೀರ್ಮಾನವಾಗಿತ್ತು. ಉಳ್ಳಾಗಡ್ಡಿ ಹೆಚ್ಚಿದ್ದೇ ನಿಜವಾಗಿದ್ದರೂ ಅದರ ರಸ ಕಾಕುವಿನ ಕಣ್ಣಲ್ಲಿ ನೀರು ತರಿಸಿರಬಹುದು, ಅಷ್ಟೆ.

ಅಜ್ಜಿಯ ತರ್ಕ ಪೂರ್ತಿ ಪೊಳ್ಳು ಎಂದೂ ನಾನು ಹೇಳಲಾರೆ. ತಾಯಿಯ ಹೊರಗೆ ನಡೆದದ್ದು ಒಳಗಿನ ಕಣ್ಣನ್ನು ಮುಟ್ಟುತ್ತದೆ. 1950ರ ದಶಕದಲ್ಲಿ ಅಮೆರಿಕದ ಐಡಾಹೊ ಬೆಟ್ಟಗಳಲ್ಲಿ ಹಣೆಯ ನಡುವೆ ಒಂದೇ ಕಣ್ಣಿನ ಕುರಿಮರಿಗಳು ಹುಟ್ಟುತ್ತಿದ್ದವು. ವರ್ಷಗಟ್ಟಲೆ ಹುಡುಕಿದ ಮೇಲೆ ಸಿಕ್ಕ ಕಾರಣ, ಬೆಟ್ಟದ ಹಸಿ ಜಾಗದಲ್ಲಿ ಬೆಳೆಯುವ ಕಾಡು ಲಿಲ್ಲಿಯ ಜಾತಿಯ ಒಂದು ಗಿಡ. ಅದನ್ನು ತಾಯಿಕುರಿ ತಿಂದರೆ ಸಾಲದು, ಗಬ್ಬವಾದ 14ನೆಯ ದಿನ ತಿನ್ನಬೇಕು. ಎರಡೂ ಕಣ್ಣುಗಳಿಗೆ ಮೂಲದಲ್ಲಿ ಇರುವುದು ನಡುವಿನ ಒಂದೇ ಗದ್ದೆ. ಅದಕ್ಕೆ ಬದು ಹಾಕಿ ಎಡಬಲ ಪಾಲು ಮಾಡುವ ಸಂಕೇತವನ್ನು ಆ ಗಿಡದ ವಿಷ ತಡೆಯುತ್ತದೆ. ಪಾಲಾದ ಮೇಲೆ ಎಷ್ಟು ತಿಂದರೂ ಒಂಟಿಕಣ್ಣು ಬರುವುದಿಲ್ಲ.

ಸಿಡ್ನಿಯ ಕಣ್ಣಿನ ಡಾಕ್ಟರು ನಾರ್ಮನ್ ಗ್ರೆಗ್ 1941ರಲ್ಲಿ ಕಂಡುಹಿಡಿದದ್ದೂ ಇದೇ ಜಾಡಿನ ಸಂಗತಿ. ಹುಟ್ಟುವಾಗಲೇ ಪೊರೆ ಬಂದ ಕೂಸುಗಳು ಒಂದರ ಹಿಂದೆ ಒಂದು ಅವರಲ್ಲಿಗೆ ಬರತೊಡಗಿದ್ದವು. ತಾಯಂದಿರ ಮಾತಿಗೆ ಕಿವಿಗೊಟ್ಟಾಗ ಗೊತ್ತಾಯಿತು: ಹಿಂದಿನ ವರ್ಷ ಊರಿನಲ್ಲೆಲ್ಲ ರುಬೆಲ್ಲಾ ಹರಡಿತ್ತು, ಇವರಲ್ಲಿ ಬಹುತೇಕರಿಗೆ ಬಸಿರಿನ ಮೊದಲ ತಿಂಗಳುಗಳಲ್ಲಿ ಅದು ಬಂದುಹೋಗಿತ್ತು. ಎರಡು ಮೂರು ದಿನದ ಜ್ವರ, ಮೈಮೇಲೆ ಸ್ವಲ್ಪ ಕೆಂಪು, ಯಾರೂ ಲೆಕ್ಕಕ್ಕಿಟ್ಟುಕೊಳ್ಳದ ಕಾಯಿಲೆ. ಗ್ರೆಗ್ ತಮ್ಮ ಮತ್ತು ಸಹೋದ್ಯೋಗಿಗಳ 78 ಕೂಸುಗಳ ವಿವರ ಕಲೆಹಾಕಿ ವರದಿ ಬರೆದರು. ಆ ವೈರಸ್ಸು ಮಸೂರವನ್ನು ಹಾಳುಮಾಡುವುದು ಅದು ಇನ್ನೂ ಎಳೆಯದಾಗಿರುವಾಗ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ನನ್ನ ಮಗಳ ಶಾಲೆಯ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಹರಿದಾಡಿದ ಮೂರ್ಖತನ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಅದನ್ನು ಹಂಚಿಕೊಂಡವರಲ್ಲಿ ಕೆಲವರು ಗ್ರಹಣದ ದಿನ ಮನೆಯಲ್ಲಿ ಕತ್ತರಿ ಬಚ್ಚಿಡುವವರು ಎಂಬುದೂ ನನಗೆ ಗೊತ್ತು.

ಅಂದರೆ ತಾಯಿಯ ತಟ್ಟೆ, ತಾಯಿಯ ಜ್ವರ, ಎಲ್ಲಕ್ಕೂ ಅರ್ಥವಿದೆ. ಆದರೆ ತಪ್ಪು ಹೊರಿಸುವವರು ತಾರೀಕು ಕೊಡಬೇಕು. ನಮ್ಮ ಮನೆಯಲ್ಲಿ ಕೊಟ್ಟ ತಾರೀಕು ತಪ್ಪಾಗಿತ್ತು.

ತಮ್ಮನ ಕಣ್ಣಿನ ಬಗ್ಗೆ ಇನ್ನೊಂದು ಮಾತು. ಹೊರಗೆ ಕಾಣುವ ಕಚ್ಚು ಎಡಗಣ್ಣಿಗೆ ಮಾತ್ರ. ಮೂವತ್ತು ದಾಟಿದ ಮೇಲೆ, ಯಾವುದೋ ತಲೆನೋವಿಗೆಂದು ತೋರಿಸಲು ಹೋದಾಗ, ಪಾಪೆ ಹಿಗ್ಗಿಸುವ ಹನಿ ಹಾಕಿ ನೋಡಿದ ಡಾಕ್ಟರು ಎರಡೂ ಕಣ್ಣಿನ ಒಳಗೋಡೆಯಲ್ಲಿ, ಕೆಳಭಾಗದಲ್ಲಿ, ಪದರವೇ ಇಲ್ಲದ ಬಿಳಿ ಜಾಗ ಇದೆ ಎಂದರು. ಕಣ್ಣೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ಕೆಳಗೋಡೆಯಲ್ಲಿ ಖಾಲಿಯಿದ್ದರೆ ಮೇಲಿನ ನೋಟದಲ್ಲಿ ಖಾಲಿ. ಇದನ್ನು ಅವನು ಫೋನಿನಲ್ಲಿ ಹೇಳಿದಾಗ ನನಗೆ ಥಟ್ಟನೆ ನೆನಪಾದದ್ದು ಊರಿನ ಬಯಲು. ಎತ್ತರಕ್ಕೆ ಹೋದ ಚೆಂಡನ್ನು ಅವನು ಒಂದು ದಿನವೂ ಹಿಡಿದವನಲ್ಲ. ಚೆಂಡು ಮೇಲಕ್ಕೆ ಎದ್ದೊಡನೆ ಅವನು ತಬ್ಬಿಬ್ಬಾಗಿ ನಿಲ್ಲುತ್ತಿದ್ದ, ಅದು ಪಕ್ಕದಲ್ಲಿ ಧಡ್ಡೆಂದು ಬೀಳುತ್ತಿತ್ತು, ನಾವೆಲ್ಲ ಅವನನ್ನು ಬೆಣ್ಣೆಕೈಯವನು ಎಂದು ಛೇಡಿಸುತ್ತಿದ್ದೆವು. ಕಾಣದ್ದನ್ನು ಕಾಣುತ್ತಿಲ್ಲ ಎಂದು ಅವನಿಗಾದರೂ ಹೇಗೆ ಗೊತ್ತಾಗಬೇಕು? ಈಗ ಅವನದು ಊರಿನ ಬಸ್ ನಿಲ್ದಾಣದ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪಿನ ಮೋಟಾರಿನೊಳಗೆ ಕೂದಲಿನಂಥ ತಾಮ್ರದ ತಂತಿಯನ್ನು ಸುತ್ತಿ ಸುತ್ತಿ ತುಂಬುತ್ತಾನೆ, ಕೆಲಸ ಯಾವಾಗಲೂ ಎದೆಮಟ್ಟಕ್ಕಿಂತ ಕೆಳಗೆ. ಬಿಸಿಲಿಗೆ ಹೋಗುವಾಗ ಟೋಪಿ. ವರ್ಷಕ್ಕೊಮ್ಮೆ ಪರೀಕ್ಷೆ, ಏಕೆಂದರೆ ಇಂಥ ಕಣ್ಣಿನಲ್ಲಿ ಅಕ್ಷಿಪಟಲ ಕಳಚುವ ಭಯ ಹೆಚ್ಚು.

ಸೀಳು ಮುಚ್ಚಿದ ಮೇಲಿನ ಕತೆಯನ್ನು ಬೇಗ ಹೇಳುತ್ತೇನೆ. ಮನೆ ಕಟ್ಟಿಸಿದವರಿಗೆ ಸೆಂಟ್ರಿಂಗ್ ಗೊತ್ತಿರುತ್ತದೆ: ತಾರಸಿ ಗಟ್ಟಿಯಾಗುವ ತನಕ ಕೆಳಗೆ ಹಲಗೆ, ಕಂಬ, ಆಮೇಲೆ ಬಿಚ್ಚಿ ಒಯ್ಯುತ್ತಾರೆ. ಸೀಳಿನಿಂದ ಒಳಗೆ ಬಂದ ರಕ್ತನಾಳವೂ ಅಂಥದೇ. ಕಣ್ಣಿನ ನಡುವೆ ಹಾದು ಹೋಗಿ ಎಳೆಯ ಮಸೂರದ ಸುತ್ತ ಬಲೆ ಹೆಣೆದು ಅದನ್ನು ಸಾಕುತ್ತದೆ. ಬೆಳಕು ಹಾಯಬೇಕಾದ ದಾರಿಯಲ್ಲಿ ರಕ್ತ ಹರಿಯುತ್ತಿದ್ದರೆ ಕಾಣುವುದು ಹೇಗೆ? ಹಾಗಾಗಿ ಕೊನೆಯ ತಿಂಗಳುಗಳಲ್ಲಿ ಅದು ಬಾಡಿ ಕರಗುತ್ತದೆ. ಕೆಲವರಲ್ಲಿ ಮಸೂರದ ಬೆನ್ನಿಗೆ ಒಂದು ಬಿಳಿ ಚುಕ್ಕೆ ಉಳಿಯುತ್ತದೆ, ಗೋಡೆಯಲ್ಲಿ ಮರೆತ ಮೊಳೆಯ ಹಾಗೆ. ಮಸೂರದ ಜೀವಕೋಶಗಳು ಮಾಡುವುದು ಇನ್ನೂ ದೊಡ್ಡ ತ್ಯಾಗ: ಪಾರದರ್ಶಕವಾಗುವುದಕ್ಕಾಗಿ ತಮ್ಮೊಳಗಿನ ಬೀಜಕೇಂದ್ರವನ್ನೂ ಉಳಿದ ಸಾಮಾನುಗಳನ್ನೂ ತಾವೇ ಕರಗಿಸಿಕೊಳ್ಳುತ್ತವೆ. ಮತ್ತೆ ಏನನ್ನೂ ದುರಸ್ತಿ ಮಾಡಿಕೊಳ್ಳುವ ಸಾಮರ್ಥ್ಯ ಅವಕ್ಕೆ ಉಳಿಯುವುದಿಲ್ಲ. ಅವ್ವನ ತಿರುಳು ಕಂದುಬಣ್ಣಕ್ಕೆ ತಿರುಗಿದ್ದು ಅದಕ್ಕೇ.

ರೆಪ್ಪೆಗಳು ಮೂರನೆಯ ತಿಂಗಳಲ್ಲಿ ಬಂದು ಕೂಡಿ, ಒಂದಕ್ಕೊಂದು ಅಂಟಿಕೊಂಡು, 26ನೆಯ ವಾರದ ಸುಮಾರಿಗೆ ಬಿಡಿಸಿಕೊಳ್ಳುತ್ತವೆ. ಆ ಮುಚ್ಚಿದ ಕತ್ತಲೆಯಲ್ಲೂ ಅಕ್ಷಿಪಟಲ ಸುಮ್ಮನಿರುವುದಿಲ್ಲ. 1991ರಲ್ಲಿ ಅಮೆರಿಕದ ವಿಜ್ಞಾನಿಗಳು ಎಳೆಯ ಫೆರೆಟ್ ಮತ್ತು ಬೆಕ್ಕಿನ ಭ್ರೂಣದ ಅಕ್ಷಿಪಟಲವನ್ನು ಸೂಕ್ಷ್ಮ ತಂತಿಗಳ ಮೇಲೆ ಹಾಸಿ ಕೇಳಿದರು. ಬೆಳಕೇ ಇಲ್ಲದಿದ್ದರೂ ನರಕೋಶಗಳು ಸಾಲುಸಾಲಾಗಿ ಮಿಡಿಯುತ್ತಿದ್ದವು. ಜೋಳದ ಹೊಲದ ಮೇಲೆ ಗಾಳಿ ಬೀಸಿದಂತೆ ಅಲೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುತ್ತಿತ್ತು. ಅಕ್ಕಪಕ್ಕದಲ್ಲಿರುವವರು ಯಾರು ಎಂದು ಮಿದುಳಿಗೆ ತಿಳಿಯುವುದು ಈ ತಾಲೀಮಿನಿಂದ ಎನ್ನುತ್ತಾರೆ. ಇಡೀ ವಿಷಯದಲ್ಲಿ ನನಗೆ ಅತಿ ಹೆಚ್ಚು ನಿದ್ದೆ ಕೆಡಿಸಿದ್ದು ಇದು. ಆದರೆ ನಮ್ಮ ಮನೆಗೂ ಇದಕ್ಕೂ ನೇರ ಸಂಬಂಧವಿಲ್ಲ, ಬಿಡುತ್ತೇನೆ.

ಸಂಬಂಧವಿರುವುದು ಕೊನೆಯ ಕೆಲಸಕ್ಕೆ. ಅಕ್ಷಿಪಟಲಕ್ಕೆ ತನ್ನದೇ ರಕ್ತನಾಳಗಳು ಬೇಕು. ಅವು 16ನೆಯ ವಾರದ ಹೊತ್ತಿಗೆ ನರದ ಬುಡದಿಂದ ಹೊರಟು, ಬಳ್ಳಿ ಚಪ್ಪರ ಹತ್ತುವಂತೆ ಅಂಚಿನ ಕಡೆಗೆ ಹಬ್ಬುತ್ತ ಹೋಗುತ್ತವೆ. ಮೂಗಿನ ಬದಿಯ ಅಂಚು ಮುಟ್ಟುವುದು 36ನೆಯ ವಾರಕ್ಕೆ, ಕಿವಿಯ ಬದಿಯದು ಹೆಚ್ಚುಕಡಿಮೆ ಹೆರಿಗೆಯ ಹೊತ್ತಿಗೆ. (ಇಲ್ಲಿ ನಾನು ಡಾಕ್ಟರುಗಳ ಎಣಿಕೆಗೆ ಬಂದಿದ್ದೇನೆ, ಮುಟ್ಟಿನಿಂದ.) ದಿನ ತುಂಬದೆ ಹುಟ್ಟಿದ ಕೂಸಿನಲ್ಲಿ ಬಳ್ಳಿ ಅರ್ಧ ದಾರಿಯಲ್ಲಿರುತ್ತದೆ. ಹೊರಗಿನ ಗಾಳಿಯಲ್ಲಿ, ಅದರಲ್ಲೂ ಕೊಟ್ಟ ಆಕ್ಸಿಜನ್ ಹೆಚ್ಚಾದರೆ, ಬೆಳವಣಿಗೆ ನಿಂತುಬಿಡುತ್ತದೆ. ಆಮೇಲೆ ರಕ್ತ ತಲುಪದ ಅಂಚು ಹಸಿದು ಕೂಗಿದಾಗ ಗಾಬರಿಬಿದ್ದಂತೆ ಅಡ್ಡಾದಿಡ್ಡಿ ಬೆಳೆದು ಅಕ್ಷಿಪಟಲವನ್ನೇ ಜಗ್ಗುತ್ತದೆ. 1940ರ ದಶಕದಲ್ಲಿ ಒಳ್ಳೆಯ ಇನ್‌ಕ್ಯುಬೇಟರು ಇದ್ದ ಊರುಗಳಲ್ಲೇ ಹೆಚ್ಚು ಕೂಸುಗಳು ಕುರುಡಾದವು. ಆಕ್ಸಿಜನ್ನಿನ ಮೇಲೆ ಬೆರಳು ತೋರಿಸಿದವರಲ್ಲಿ ಮೊದಲಿಗರು ಮೆಲ್ಬರ್ನಿನ ಡಾಕ್ಟರು ಕೇಟ್ ಕ್ಯಾಂಪ್ಬೆಲ್, 1951ರಲ್ಲಿ. ಜೀವ ಉಳಿಸಲು ಕೊಟ್ಟದ್ದೇ ಕಣ್ಣು ಕಿತ್ತುಕೊಂಡಿತ್ತು.

2014ರಲ್ಲಿ ತಮ್ಮನ ಹೆಂಡತಿಗೆ 31ನೆಯ ವಾರಕ್ಕೇ ಹೆರಿಗೆಯಾಯಿತು. ಹೆಣ್ಣು, 1,400 ಗ್ರಾಂ. ಅವನು ಗಾಜಿನ ಪೆಟ್ಟಿಗೆಯ ಮುಂದೆ ನಿಂತು ನರ್ಸನ್ನು ಕೇಳಿದ ಮೊದಲ ಪ್ರಶ್ನೆ ಪಾಪೆ ದುಂಡಗಿದೆಯೇ ಎಂದು. ಅವನ ಭಯ ಸುಳ್ಳಲ್ಲ, ಆ ಕಚ್ಚು ಕೆಲವು ಮನೆತನಗಳಲ್ಲಿ ತಂದೆಯಿಂದ ಮಕ್ಕಳಿಗೆ ಇಳಿಯುತ್ತದೆ. ದುಂಡಗಿತ್ತು. ಕಾಕು ಅಂದು ಊರ ಹನುಮಂತ ದೇವರಿಗೆ ಎಲೆಪೂಜೆ ಕಟ್ಟಿಸಿದಳು. ನಾಲ್ಕು ವಾರದ ಮೇಲೆ, ನಾವೆಲ್ಲ ನಿರಾಳವಾಗಿರುವಾಗ, ಕೂಸಿನ ಕಣ್ಣಿನೊಳಗೆ ಫೋಟೊ ತೆಗೆಯುವ ಯಂತ್ರ ಹಿಡಿದುಕೊಂಡು ಒಬ್ಬ ತಂತ್ರಜ್ಞ ಆಸ್ಪತ್ರೆಗೆ ಬಂದ. ನಮ್ಮ ದೇಶದ ನಿಯಮದ ಪ್ರಕಾರ 34 ವಾರಕ್ಕೆ ಮೊದಲು ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಗುವ ಕೂಸುಗಳನ್ನು 30 ದಿನದೊಳಗೆ ಹೀಗೆ ನೋಡಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆ ಶುರುಮಾಡಿ, ತಂತ್ರಜ್ಞರನ್ನು ಜಿಲ್ಲೆಗಳಿಗೆ ಕಳಿಸಿ, ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ತಜ್ಞರಿಗೆ ತೋರಿಸುವ ದಾರಿ ಮಾಡಿದ್ದರು. ನಮ್ಮ ಕೂಸನ್ನು ನೋಡಿದ ತಂಡ ಯಾವುದು ಎಂದು ಕೇಳುವ ಸಮಾಧಾನ ಆಗ ಯಾರಿಗೂ ಇರಲಿಲ್ಲ. ಚಿತ್ರ ಮಾತ್ರ ನೆನಪಿದೆ: ಕಿತ್ತಳೆ ಬಣ್ಣದ ಚಂದ್ರ, ಅದರ ಮೇಲೆ ಕೆಂಪು ಬಳ್ಳಿಗಳು, ಬಳ್ಳಿಗಳೆಲ್ಲ ಒಂದು ಗೆರೆಗೆ ಬಂದು ನಿಂತು, ಆಚೆ ಬೋಳು. ತಂತ್ರಜ್ಞ ಬೆರಳಿಟ್ಟು, "ಇಲ್ಲಿಗೆ ನಿಂತಿದೆ" ಎಂದ. ವಾರದೊಳಗೆ ಲೇಸರ್ ಆಯಿತು. ಹುಡುಗಿ ಈಗ ದಪ್ಪ ಕನ್ನಡಕ ಹಾಕಿಕೊಂಡು ಏಣಿ ಹತ್ತಿ ಮಾವಿನಕಾಯಿ ಕೀಳುತ್ತಾಳೆ.

ಈ ಸಲ ಕೂಸಿನ ತಾಯಿಯನ್ನು ಯಾರೂ ಏನೂ ಅನ್ನಲಿಲ್ಲ. ಆ ವರ್ಷ ಗ್ರಹಣವಿತ್ತೋ ಇಲ್ಲವೋ, ಮನೆಯಲ್ಲಿ ಪಂಚಾಂಗ ತೆಗೆದು ನೋಡುವ ಅಜ್ಜಿ ಇರಲಿಲ್ಲ.

ಅವ್ವನ ಆಪರೇಷನ್ನಿನ ಎಂಟನೆಯ ದಿನ ಕಾಕು ಮತ್ತು ತಮ್ಮ ನೋಡಲು ಬಂದರು. ಲೆಕ್ಕವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದೆ. ಊಟವಾದ ಮೇಲೆ ಪಡಸಾಲೆಯಲ್ಲಿ ಕಾಕುವಿನ ಪಕ್ಕ ಕುಳಿತು ವಿವರಿಸಿದೆ. ಮೇ, ಸೆಪ್ಟೆಂಬರ್, ಅಕ್ಟೋಬರ್. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ನಾಲ್ಕು ತಿಂಗಳು. ಖುಲಾಸೆಯ ಹುಕುಂ ಓದುವವರ ಠೀವಿ ನನ್ನ ದನಿಯಲ್ಲಿ ಇದ್ದಿರಬೇಕು. ಕಾಕು ಬೆರಳು ಮಡಚಿ ತನ್ನ ಲೆಕ್ಕ ತಾನು ಹಾಕಿದಳು. ಒಪ್ಪಿಗೆಯಾಯಿತು.

"ಹಾಗಾದರೆ ದೀಪಾವಳಿಯಲ್ಲಿ ಆದದ್ದು" ಎಂದಳು.

"ಹೌದು."

"ನಾನು ಆಗ ತವರಿಗೆ ಹೋಗಿದ್ದೆ. ಇನ್ನೂ ಯಾರಿಗೂ ಹೇಳಿರಲಿಲ್ಲ. ಬಸ್ಸು ದಾರಿಯುದ್ದಕ್ಕೂ ಕುಲುಕುತ್ತಿತ್ತು." ಸ್ವಲ್ಪ ಹೊತ್ತು ಬಿಟ್ಟು, "ಎಳ್ಳು ಹಾಕಿದ ಉಂಡೆ ತಿಂದಿದ್ದೆ, ಎರಡೋ ಮೂರೋ. ಅದರಿಂದ ಆಗಿರಬಹುದೇ?" ಎಂದು ಕೇಳಿದಳು.

ಆಗಿರಲಾರದು ಎಂದೆ. ವಂಶವಾಹಿ ಎಂದೆ, ಬಹಳ ಸಲ ಯಾವ ಕಾರಣವೂ ಸಿಗುವುದಿಲ್ಲ ಎಂದೆ, ಬಸ್ಸಿಗೂ ಎಳ್ಳಿಗೂ ಕಣ್ಣಿಗೂ ಸಂಬಂಧವಿಲ್ಲ ಎಂದೆ. ಕಾಕು ತಲೆಯಾಡಿಸಿದಳು, ಮದುವೆಮನೆಗಳಲ್ಲಿ ಆಡಿಸುತ್ತಿದ್ದ ಹಾಗೆಯೇ. ನನ್ನ ಕಾಗದ ನನ್ನ ಕೈಯಲ್ಲೇ ಉಳಿಯಿತು. ತಾರೀಕು ತಿದ್ದಿಕೊಟ್ಟಿದ್ದೆ, ಅಷ್ಟೇ ಮಾಡಿದ್ದು.

ನಾಲ್ಕು ಗಂಟೆಗೆ ಅವ್ವನಿಗೆ ಹನಿ ಹಾಕುವ ಹೊತ್ತು. ತಮ್ಮ ತಾನು ಹಾಕುತ್ತೇನೆ ಎಂದು ಎದ್ದ. ತಂತಿ ಸುತ್ತುವ ಕೈ ಅಲುಗುವುದಿಲ್ಲ. ಅವ್ವ ಕುರ್ಚಿಯಲ್ಲಿ ಕತ್ತು ಹಿಂದಕ್ಕೆ ಚೆಲ್ಲಿ ಕುಳಿತಳು. "ಮೇಲೆ ನೋಡು ದೊಡ್ಡವ್ವ" ಎಂದು ಅವನು ಅವಳ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿ ಹಿಡಿದು ಬಗ್ಗಿದ. ಹನಿ ಬಿತ್ತು. ಅವ್ವ ಕಣ್ಣು ಮುಚ್ಚಲಿಲ್ಲ. ಒಂದು ಗೇಣು ದೂರದಲ್ಲಿದ್ದ ಅವನ ಎಡಗಣ್ಣನ್ನು ತನ್ನ ಎಂಟು ದಿನದ ಹೊಸ ಮಸೂರದಿಂದ ನೋಡುತ್ತ ಹಾಗೇ ಇದ್ದಳು.

"ಅಲ್ಲಾಡಬೇಡ" ಎಂದಳು. "ಕರಿಗಣ್ಣು ಅಂದುಕೊಂಡಿದ್ದೆ ಇಷ್ಟು ವರ್ಷ. ಜೇನಿನ ಬಣ್ಣ ಇದೆ."

"ಒಂದೇ ಹನಿಯೋ ಎರಡೋ?" ಎಂದು ಕಾಕು ಪಡಸಾಲೆಯಿಂದ ಕೇಳಿದಳು.

"ಒಂದೇ" ಎಂದ ತಮ್ಮ.